ಬಣ್ಣ ತಿರುಗದ ಸುಣ್ಣ

ಸೊದ್ವಾನಾ ಕೊಲ್ಲಿ
ಜೂನ್ ೯, ಭಾನುವಾರ

ಲ್ವಾಜಿ,

ನೀನು ಕ್ಷೇಮವೆಂದು ನಿನ್ನ ಕಾಗದ ನೋಡಿದ ಕೂಡಲೇ ತಿಳಿಯಿತು. ಮೈಯಲ್ಲಿ ಎಲ್ಲಾದರೂ ನೋವಿರುವವನು ಅಷ್ಟು ಚೊಕ್ಕವಾಗಿ ಸುಳ್ಳು ಟೈಪು ಮಾಡಿಸಲಾರ. ಮೂರು ಪುಟ, ಎರಡೂ ಕಡೆ ಅಂಚು ಬಿಟ್ಟು, ಒಂದು ಅಕ್ಷರವೂ ಆಚೀಚೆ ಆಗದ ಹಾಗೆ. ಕೊನೆಯ ಪುಟದಲ್ಲಿ ಸಾಕ್ಷಿಯೆಂದು ನನ್ನ ಹೆಸರು, ಅದರ ಮೇಲೊಂದು ಚುಕ್ಕೆಗಳ ಸಾಲು, ಪಕ್ಕಕ್ಕೆ ಪಿನ್ನು ಚುಚ್ಚಿದ ನಿನ್ನ ಚೀಟಿ: "ಫಿಕಿಲೆ, ಇಲ್ಲಿ ಸಹಿ ಮಾಡಿ ಕಳಿಸು. ಪೂರ್ತಿ ಓದಬೇಕೆಂದೇನಿಲ್ಲ."

ಪೂರ್ತಿ ಓದಿದೆ. ಎರಡು ಸಲ ಓದಿದೆ. ಮನೆ ಬಿಟ್ಟು ಮೂರು ವರ್ಷವಾದ ಗಂಡ ಹೆಂಡತಿಗೆ ಬರೆದ ಮೊದಲ ಉದ್ದದ ಕಾಗದವಲ್ಲವೇ, ಓದದೆ ಇರುವುದು ಹೇಗೆ? ಹುಡುಕಿದರೂ ನನ್ನ ಬಗ್ಗೆ ಒಂದು ಸಾಲು ಸಿಗಲಿಲ್ಲ. ಸಿಕ್ಕಿದ್ದು ಇದು: "ಮಾರ್ಗದರ್ಶಿ ಮಂಡ್ಲಕಾಯಿಸೆ ಜೋಬೆ, ವಯಸ್ಸು ಅರವತ್ತೊಂದು, ಓದು ಎಂಟನೆಯ ತರಗತಿ, ಐವತ್ತೆರಡು ಮೀಟರ್ ಆಳದಲ್ಲಿ ಗಾಬರಿಯಾಗಿ ನನ್ನನ್ನು ಹಿಡಿದೆಳೆದರು. ಅವರ ತಿಳಿವಳಿಕೆಯ ಕೊರತೆಯಿಂದ ನನ್ನ ಪ್ರಾಣಕ್ಕೆ ಅಪಾಯ ಒದಗಿತು."

ಎಂಟನೆಯ ತರಗತಿ ಎಂದು ಏಕೆ ಸೇರಿಸಿದೆ ಲ್ವಾಜಿ? ಸಮುದ್ರ ಅವರ ಅಂಕಪಟ್ಟಿ ಕೇಳಿತ್ತೇ?

ಸಹಿ ಮಾಡುವುದಿಲ್ಲ. ಮುಂದಿನ ಸೋಮವಾರ, ಈ ದಡದವರೆಲ್ಲ ಬಾಬಾ, ಅಪ್ಪ, ಎಂದು ಕರೆಯುವ ಜೋಬೆಯ ಡೈವಿಂಗ್ ಪರವಾನಗಿಯ ವಿಚಾರಣೆ ಇದೆ. ಅಲ್ಲಿ ನಾನು ನನ್ನದೇ ಹೇಳಿಕೆ ಕೊಡುತ್ತೇನೆ. ಅದರಲ್ಲಿ ಏನಿರುತ್ತದೆ ಎಂದು ನಿನಗೆ ಮೊದಲೇ ಗೊತ್ತಿರಲಿ ಎಂದು ಈ ಕಾಗದ. ಬೆನ್ನ ಹಿಂದೆ ಬರೆಯುವ ಅಭ್ಯಾಸ ನನಗಿಲ್ಲ. ಅದು ನಿಮ್ಮ ಕಡೆಯ ಓದಿದವರಿಗೇ ಇರಲಿ.

ಮೊದಲಿಂದ ಬರೆಯುತ್ತೇನೆ, ಏಕೆಂದರೆ ನಿನಗೆ ಮೊದಲಿನದು ಮರೆತಿದೆ.

ಫೆಬ್ರವರಿಯಲ್ಲಿ ನೀನು ಯಾವುದೋ ದೂರದ ದ್ವೀಪದಿಂದ ನನಗೊಂದು ಫೋಟೋ ಕಳಿಸಿದೆ. ಬೆನ್ನ ಮೇಲೆ ಕರಿಯ ಪೆಟ್ಟಿಗೆ, ಎದೆಯ ಮೇಲೆ ಎರಡು ದಪ್ಪ ಪೈಪು, ಕೈಯಲ್ಲಿ ಪಾಸಾದ ಕಾರ್ಡು, ಮುಖದಲ್ಲಿ ಮದುವಣಿಗನ ಕಳೆ. ಕೆಳಗೆ ಬರೆದಿದ್ದೆ: "ಆರು ದಿನದಲ್ಲಿ ರೀಬ್ರೀದರ್ ಕೋರ್ಸ್ ಮುಗಿಸಿದೆ. ನಿಮ್ಮ ಬಾಬಾಗೆ ಎಷ್ಟು ವರ್ಷ ಹಿಡಿಯಿತು?" ಆ ಯಂತ್ರ ನಾವು ಬಿಟ್ಟ ಉಸಿರನ್ನು ನೀರಿಗೆ ಚೆಲ್ಲದೆ ಸುಣ್ಣದ ಹರಳಿನ ಡಬ್ಬಿಯ ಮೂಲಕ ಹಾಯಿಸಿ, ಕೆಟ್ಟ ಗಾಳಿಯನ್ನು ಅಲ್ಲೇ ಹೀರಿಸಿ, ಒಂದಿಷ್ಟು ಆಕ್ಸಿಜನ್ ಬೆರೆಸಿ ನಮಗೇ ವಾಪಸು ಕೊಡುತ್ತದೆ ಎಂದು ನನಗೇ ಪಾಠ ಹೇಳಿದ್ದೆ. ಗುಳ್ಳೆ ಇಲ್ಲ, ಸದ್ದಿಲ್ಲ, ಗಂಟೆಗಟ್ಟಲೆ ಇರಬಹುದು ಎಂದೆಲ್ಲ. ನಾನು ಬಾಬಾನ ಜೊತೆ ಕೆಲಸಕ್ಕೆ ಸೇರಿ, ಆ ಯಂತ್ರ ಹೊತ್ತು ನೀರಿಗಿಳಿಯಲು ಶುರು ಮಾಡಿ ಆಗಲೇ ಎರಡು ವರ್ಷವಾಗಿತ್ತು. ನೀನು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ನನಗೂ ಒಂದು ಕಾರ್ಡಿದೆ. ಈ ಕೊಲ್ಲಿಗೆ ಬಂದಿದ್ದ ಒಬ್ಬ ಮೇಷ್ಟ್ರು ಒಂದು ವಾರ ಪಾಠ ಹೇಳಿ ಕೊಟ್ಟದ್ದು. ಒಳ್ಳೆಯ ಮನುಷ್ಯ, ಹೇಳಬೇಕಾದ್ದನ್ನೆಲ್ಲ ಹೇಳಿದ. ಹೋಗುವಾಗ ನನ್ನ ಕೈ ಕುಲುಕಿ, "ಇನ್ನು ಮೇಲೆ ಕಲೀಬೇಕು ಅಂದ್ರೆ ಜೋಬೆ ಹತ್ರ ಹೋಗಮ್ಮ. ನಾನು ಕೊಟ್ಟಿದ್ದು ಬಾಗಿಲ ಚೀಟಿ ಅಷ್ಟೆ," ಎಂದ. ಆರು ದಿನದ ಕೊನೆಗೆ ನಿನ್ನ ಮೇಷ್ಟ್ರು ಇಂಥ ಒಂದು ಮಾತಾದರೂ ಹೇಳಲಿಲ್ಲವೇ? ಹೇಳಿರುತ್ತಾನೆ. ನೀನು ಆಗ ಫೋಟೋ ತೆಗೆಸಿಕೊಳ್ಳುತ್ತಿದ್ದಿರಬೇಕು.

ಬಾಬಾ ಹೇಗೆ ಕಲಿತರು ಎಂದು ನಿನಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ. ಹಿಂದೆ ಹೊರದೇಶದ ತಂಡಗಳು ಇಲ್ಲಿ ಸಮುದ್ರದಡಿಯ ಕಂದಕದ ಆಳದಲ್ಲಿರುವ, ಅಳಿದೇ ಹೋಯಿತೆಂದುಕೊಂಡಿದ್ದ ಹಳೆಯ ಕಾಲದ ಮೀನನ್ನು ಹುಡುಕಲು ಬರುತ್ತಿದ್ದವು. ಅವರ ಪೆಟ್ಟಿಗೆಗಳನ್ನು ಮರಳ ಮೇಲೆ ಹೊತ್ತು ತರುವ ಕೆಲಸ ಬಾಬಾನದು. ಹೊರುವುದು, ತೊಳೆಯುವುದು, ಒಣಗಿಸುವುದು, ಸುಣ್ಣ ತುಂಬುವುದು. ಹನ್ನೊಂದು ವರ್ಷ ಅದನ್ನೇ ಮಾಡಿದರು. ಯಾರ ಡಬ್ಬಿಯ ಸುಣ್ಣ ಹೀರುವ ಶಕ್ತಿ ಹೋಗಿ ಎಲ್ಲಿಯವರೆಗೆ ಸತ್ತಿದೆ, ಯಾರು ಕೆಳಗೆ ಹೋಗಿ ಏದುಸಿರು ಬಿಟ್ಟಿದ್ದಾರೆ, ಯಾರು ತಣ್ಣಗೆ ತೇಲಿದ್ದಾರೆ, ಎಲ್ಲವೂ ಸಂಜೆ ಡಬ್ಬಿ ಬಿಚ್ಚಿದಾಗ ಅವರ ಅಂಗೈಗೆ ತಿಳಿಯುತ್ತಿತ್ತು. ಆಮೇಲೆ ತಂಡದವರೇ ಅವರನ್ನು ನೀರಿಗಿಳಿಸಿದರು. ಆ ತಂಡಗಳ ಒಬ್ಬ ಮನುಷ್ಯನ ಹೆಣವನ್ನು ಮೇಲೆ ತಂದವರೂ ಅವರೇ. ಆ ಮನುಷ್ಯನ ಪಕ್ಕಕ್ಕೆ ಒಳ್ಳೆಯ ಗಾಳಿ ತುಂಬಿದ ಸಿಲಿಂಡರ್ ಇತ್ತು, ಬಾಯಲ್ಲಿ ಮಾತ್ರ ಕೆಟ್ಟ ಗಾಳಿಯ ಮೌತ್‌ಪೀಸ್ ಹಾಗೇ ಕಚ್ಚಿಕೊಂಡಿತ್ತು.

ಅದಕ್ಕೇ ಬಾಬಾನ ಪಾಠವೆಲ್ಲ ಒಂದೇ ಜಾಗದಲ್ಲಿ ಸುತ್ತುತ್ತದೆ. ಆರು ತಿಂಗಳು ನನ್ನಿಂದ ಪೈಪು ತೊಳೆಸಿದರು, ಸುಣ್ಣ ತುಂಬಿಸಿದರು, ತಟ್ಟಿ ತಟ್ಟಿ ಕೂರಿಸುವುದನ್ನು ಕಲಿಸಿದರು. ಒಂದು ಬದಿ ಸಡಿಲಾದರೂ ಗಾಳಿ ಕಳ್ಳದಾರಿ ಹಿಡಿಯುತ್ತದೆ ಎಂದು ಕಣ್ಣು ಕಟ್ಟಿ ತುಂಬಿಸಿದರು. ಆಮೇಲೆ ಮಂಡಿಯುದ್ದ ನೀರಿನಲ್ಲಿ ಕೂರಿಸಿ ಒಂದು ಮೌತ್‌ಪೀಸಿನಿಂದ ಇನ್ನೊಂದಕ್ಕೆ ಬದಲಾಯಿಸುವ ಅಭ್ಯಾಸ: ಯಂತ್ರದ ಮೌತ್‌ಪೀಸ್ ಮುಚ್ಚು, ತೆಗಿ, ಪಕ್ಕದ ಸಿಲಿಂಡರಿನದು ಕಚ್ಚು. ದಿನಕ್ಕೆ ನೂರು ಸಲ. ಮೆಕ್ಕೆಜೋಳದ ಹಿಟ್ಟಿನ ಫೂತು ಬಟ್ಟಲಲ್ಲಿ ಕಲಸಿಕೊಂಡು ಕೂತಿರುವಾಗ ಇದ್ದಕ್ಕಿದ್ದಂತೆ, "ಈಗ!" ಎನ್ನುವರು. ನಾನು ಚಮಚ ಬಿಟ್ಟು ಕೈಯನ್ನು ಎದೆಗೆ ಒಯ್ಯಬೇಕು. ತಡವಾದರೆ, "ಸತ್ತೆ. ಊಟ ಮುಂದುವರಿಸು," ಎನ್ನುವರು.

ಒಂದು ದಿನ ಬೇಸತ್ತು ಕೇಳಿದೆ, ಇಷ್ಟು ಸುಲಭದ್ದನ್ನು ಎಷ್ಟು ಸಲ ಮಾಡಿಸುತ್ತೀರಿ ಎಂದು.

"ಕೆಟ್ಟ ಗಾಳಿ ಸೇರ್ದಾಗ ಮೈ ಹೇಳುತ್ತೆ, ಬಾಯಲ್ಲಿರೋದನ್ನ ಬಿಡಬೇಡ, ಬಿಟ್ರೆ ಸಾಯ್ತೀಯ ಅಂತ," ಎಂದರು. "ಬುದ್ಧಿ ಬಿಡು ಅನ್ನುತ್ತೆ, ಮೈ ಬೇಡ ಅನ್ನುತ್ತೆ. ಆಗ ಬುದ್ಧಿ ಸೋಲುತ್ತೆ ಮಗಳೇ. ಕೈ ಒಂದೇ ಗೆಲ್ಲೋದು. ಅದಕ್ಕೇ ನಿನ್ನ ಬುದ್ಧಿಗೆ ನಾನು ಪಾಠ ಹೇಳ್ತಿಲ್ಲ."

ನಿನ್ನ ಬುದ್ಧಿಗೆ ಆರು ದಿನ ಪಾಠವಾಗಿತ್ತು. ಕೈಗೆ ಆಗಿರಲಿಲ್ಲ.

ಮೇ ಹತ್ತು, ಶುಕ್ರವಾರ, ನೀನು ಆ ಮೀನಿನ ಚಿತ್ರ ಹಿಡಿಯಲು ಡರ್ಬನ್ನಿನಿಂದ ಕಾರು ತುಂಬ ಪೆಟ್ಟಿಗೆ ಹೇರಿಕೊಂಡು ಬಂದೆ. ಬಾಬಾ ನೇರಳೆ ಜಾತಿಯ ಡೂನಿ ಮರದ ಕೆಳಗೆ ಕೂತು ಪೈಪಿಗೆ ತೇಪೆ ಹಾಕುತ್ತಿದ್ದರು. ಎದ್ದು ನಿಂತು ಎರಡೂ ಕೈ ಚಾಚಿ, "ಬಾ ಗುಮೆಡೆ," ಎಂದು ನಿನ್ನ ಕುಲದ ಹೆಸರಿನಿಂದ ಕರೆದರು.

"ಡಾಕ್ಟರ್ ಖುಜ್ವಾಯೊ ಅಂದ್ರೆ ಸಾಕು," ಎಂದೆ ನೀನು.

ಗುಮೆಡೆ ಎನ್ನುವುದು ನಿನ್ನ ಅಜ್ಜ ಮುತ್ತಜ್ಜಂದಿರಿಗೂ ಸೇರಿ ಸಲ್ಲುವ ಗೌರವ. ಡಾಕ್ಟರ್ ಎನ್ನುವುದು ಬಾಗಿಲ ಬೋರ್ಡಿಗೆ ಸಲ್ಲುವುದು. ಬಾಬಾ ಅಂದಿನಿಂದ ನಿನ್ನನ್ನು ಡಾಕ್ಟ್ರೇ ಎಂದೇ ಕರೆದರು. ನಿನಗೆ ಅದು ಬಡ್ತಿ ಎನಿಸಿತು.

ಕಂದಕದ ಬಾಯಿಗೆ ಇಳಿಯುವ ಮೊದಲು ಮೂರು ದಿನ ತನ್ನ ಜೊತೆ ಕಡಿಮೆ ಆಳದಲ್ಲಿ ಇಳಿಯಬೇಕು ಎಂದು ಬಾಬಾ ಹೇಳಿದಾಗ ನೀನು ನನ್ನ ಕಡೆ ನೋಡಿ ನಕ್ಕೆ. ಆ ನಗು ನನಗೆ ಹಳೆಯದು. ಮದುವೆಯಾದ ಹೊಸದರಲ್ಲಿ ನನ್ನ ಅಮ್ಮ ಕೆಮ್ಮಿಗೆ ಕಷಾಯ ಕೊಟ್ಟಾಗಲೂ ಅದನ್ನೇ ನಕ್ಕಿದ್ದೆ.

"ಬಾಬಾ, ನಾನು ಅರಿವಳಿಕೆ ಡಾಕ್ಟ್ರು. ದಿನಾ ಎಂಟು ಹತ್ತು ಜನರ ಉಸಿರು ನನ್ನ ಕೈಯಲ್ಲಿರುತ್ತೆ. ನನ್ನ ಮೆಷಿನ್ನಲ್ಲೂ ಇದೇ ಸುಣ್ಣ, ಇದೇ ಪೈಪು. ನಿಮ್ಮ ಹತ್ರ ಉಸಿರಾಟದ ಪಾಠ ಹೇಳಿಸ್ಕೋಬೇಕಾ?"

"ಅವ್ರು ಮಲಗಿರ್ತಾರೆ ಡಾಕ್ಟ್ರೇ," ಎಂದರು ಬಾಬಾ. "ನೀವು ಈಜ್ತಿರ್ತೀರಿ."

ಅಲ್ಲಿದ್ದ ದೋಣಿಯವನು ಜೋರಾಗಿ ನಕ್ಕ. ನೀನು ನಗಲಿಲ್ಲ. ಇಂದಿಗೂ ಅರ್ಥವಾಗಿರಲಾರದು, ಬಿಡಿಸಿ ಬರೆಯುತ್ತೇನೆ: ಮಂಪರಿನಲ್ಲಿ ಮಲಗಿದ ಮೈ ಸ್ವಲ್ಪವೇ ಕೆಟ್ಟ ಗಾಳಿ ಬಿಡುತ್ತದೆ. ಹರಿವಿಗೆ ಎದುರಾಗಿ ಕಾಲು ಬಡಿಯುವ ಮೈ ಹತ್ತು ಪಟ್ಟು ಬಿಡುತ್ತದೆ. ಸುಣ್ಣಕ್ಕೆ ಅದನ್ನು ಹೀರುವಷ್ಟು ಶಕ್ತಿ ಉಳಿದಿರಬೇಕು.

ಆಮೇಲೆ ಬಾಬಾ ಸುಣ್ಣ ಎಲ್ಲಿಯದು ಎಂದು ಕೇಳಿದರು. ಆಸ್ಪತ್ರೆಯದು ಎಂದೆ ನೀನು. "ಇದು ಸತ್ರೆ ನೇರಳೆ ಬಣ್ಣಕ್ಕೆ ತಿರುಗಿ ಹೇಳುತ್ತೆ. ನಿಮ್ಮ ಸುಣ್ಣ ಮೂಕ," ಎಂದು ಚುಚ್ಚಿದೆ.

"ನಿಮ್ಮ ಸುಣ್ಣ ಸುಳ್ಳು ಹೇಳುತ್ತೆ," ಎಂದರು ಬಾಬಾ. "ರಾತ್ರಿ ಮಲಗಿ ಎದ್ರೆ ಮತ್ತೆ ಬೆಳ್ಳಗಾಗಿರುತ್ತೆ. ಸತ್ತಿದ್ದು ಸತ್ತೇ ಇರುತ್ತೆ. ಬಣ್ಣ ನೋಡ್ಬೇಡಿ. ದಿನಾ ಸಂಜೆ ಚೆಲ್ಲಿ, ಬೆಳಿಗ್ಗೆ ಹೊಸದು ತುಂಬಿ."

"ಯಾವ ಪುಸ್ತಕದಲ್ಲಿದೆ ಬಾಬಾ ಇದು?"

"ಪುಸ್ತಕದ್ದು ನನಗೆ ಗೊತ್ತಿಲ್ಲ. ಡಬ್ಬಿ ತೊಳ್ದು ತೊಳ್ದು ಗೊತ್ತಾಯ್ತು."

ನಿನ್ನ ಪುಸ್ತಕದಲ್ಲೇ ಇದೆಯಂತೆ ಲ್ವಾಜಿ. ಆಮೇಲೆ ಡರ್ಬನ್ನಿನ ಆಸ್ಪತ್ರೆಯಲ್ಲಿ ಬಾಬಾನನ್ನು ನೋಡಿಕೊಂಡ ನರ್ಸ್ ಹೇಳಿದಳು, ಅರಿವಳಿಕೆ ಓದುವವರಿಗೆ ಮೊದಲ ವರ್ಷದಲ್ಲೇ ಇದನ್ನು ಕಲಿಸುತ್ತಾರೆ ಎಂದು. ನಿನಗೂ ಕಲಿಸಿರುತ್ತಾರೆ. ಬಾಬಾನ ಬಾಯಿಂದ ಬಂದದ್ದಕ್ಕೆ ಅದು ಸುಳ್ಳಾಯಿತು.

ಶುಕ್ರವಾರ ಮಧ್ಯಾಹ್ನ ಹನ್ನೆರಡು ಮೀಟರಿನಲ್ಲಿ ಒಂದೂವರೆ ಗಂಟೆ. ಶನಿವಾರವೂ ಅಷ್ಟೇ. ಬಾಬಾ ನಿನ್ನ ಕೈಗೆ, "ಈಗ!" ಎಂದು ಸನ್ನೆ ಮಾಡಿದಾಗಲೆಲ್ಲ ನೀನು ಬೇಕೆಂದೇ ನಿಧಾನವಾಗಿ, ಮಕ್ಕಳ ಆಟಕ್ಕೆ ಒಪ್ಪಿಕೊಂಡ ದೊಡ್ಡವನಂತೆ ಬದಲಾಯಿಸಿದೆ. ಮೂರನೆಯ ಸಲ ಬದಲಾಯಿಸಲೇ ಇಲ್ಲ. ದೋಣಿಗೆ ಬಂದ ಮೇಲೆ, ಇನ್ನೊಂದು ದಿನ ಬೇಕು ಎಂದರು ಬಾಬಾ. ನಾಳೆ ಸಂಜೆ ಡರ್ಬನ್ನಿಗೆ ವಾಪಸು ಹೋಗಬೇಕು, ನಾಳೆಯೇ ಕಂದಕ, ನೀವು ಬರದಿದ್ದರೆ ಬೇರೆ ದೋಣಿ ಇದೆ ಎಂದೆ ನೀನು. ಬೇರೆ ದೋಣಿ ಇತ್ತು. ನೀನು ಆಗಲೇ ಗೊತ್ತುಮಾಡಿಕೊಂಡೂ ಇದ್ದೆ.

ನೀನು ಹೋದ ಮೇಲೆ ನಾನು ಬಾಬಾಗೆ, ಹೋಗಲಿ ಬಿಡಿ, ನಿಮಗೇಕೆ ಈ ಉಸಾಬರಿ ಎಂದೆ.

"ಅವನು ಹೇಗೂ ಹೋಗ್ತಾನೆ," ಎಂದರು. "ಒಬ್ಬನೇ ಹೋದ್ರೆ ಹೆಣ ತರೋಕೆ ಮತ್ತೆ ನಾನೇ ಇಳೀಬೇಕು. ಅದಕ್ಕಿಂತ ಬದುಕಿರೋನ ಜೊತೆ ಹೋಗೋದು ಹಗುರ."

ಭಾನುವಾರ ಬೆಳಿಗ್ಗೆ ಆರಕ್ಕೆ ದಡದಲ್ಲಿದ್ದೆವು. ಅಲೆ ಒಡೆಯುವ ಸಾಲು ತಗ್ಗಿತ್ತು, ನೀರು ಕಡುನೀಲಿಯಾಗಿ ಬೆಚ್ಚಗಿತ್ತು. ಮೇಲೆ ಹೀಗಿದ್ದ ದಿನ ಕಂದಕದ ಬಾಯಲ್ಲಿ ಕೆಳಗಿನ ನೀರು ತಿರುಗಿ ಹರಿಯುತ್ತದೆ, ಅದಕ್ಕೆ ಎದುರಾಗಿ ಒಂದು ಕಾಲೂ ಬಡಿಯಬೇಡಿ, ಅದು ಒಯ್ದ ಕಡೆ ಹೋಗಿ, ನಾನು ಹಗ್ಗ ತಂದು ಕೊಡುತ್ತೇನೆ ಎಂದರು ಬಾಬಾ. ನೀನು ಕ್ಯಾಮೆರಾದ ಗಾಜು ಒರೆಸುತ್ತಿದ್ದೆ. ಸುಣ್ಣ ಬದಲಾಯಿಸಿದಿರಾ ಎಂದು ಕೇಳಿದರು. "ಹೊಸದು, ಬೆಳಿಗ್ಗೆ ತಾನೆ ತುಂಬ್ದೆ," ಎಂದೆ ನೀನು. ಬಾಬಾ ನಂಬಿದರು. ನೀರಿಗಿಳಿಯುವ ಮೊದಲು ಮೂಗು ಮುಚ್ಚಿ ಸುಣ್ಣ ಹೀರುತ್ತಿದೆಯೇ ಎಂದು ಐದು ನಿಮಿಷ ಯಂತ್ರದಲ್ಲೇ ಉಸಿರಾಡಿ ನೋಡಬೇಕಲ್ಲ, ನೀನು ಒಂದು ನಿಮಿಷ ಆಡಿ ಹೆಬ್ಬೆರಳು ತೋರುಬೆರಳು ಸೇರಿಸಿ ಸರಿಯೆಂದು ತೋರಿಸಿದೆ.

ನಿಮ್ಮಿಬ್ಬರಿಗೂ ಯಂತ್ರ. ನನ್ನ ಬೆನ್ನಿಗೆ ಮಾಮೂಲಿ ಸಿಲಿಂಡರ್, ಪಕ್ಕಕ್ಕೆ ಹೆಚ್ಚುವರಿ ಎರಡು. ಇಪ್ಪತ್ತು ಮೀಟರಿನಲ್ಲಿ ಹಗ್ಗ ಹಿಡಿದು ಕಾಯುವುದು ನನ್ನ ಕೆಲಸ. ಕೆಳಗೆ ನಡೆದದ್ದನ್ನು ನಾನು ನೋಡಿಲ್ಲ ಎಂದು ನಿನಗೆ ಧೈರ್ಯ, ಅಲ್ಲವೇ? ನೋಡಿಲ್ಲ. ಆದರೆ ನಿನ್ನ ಕ್ಯಾಮೆರಾ ನೋಡಿದೆ. ನೀನು ಕೈಬಿಟ್ಟ ಮೇಲೂ ಅದು ಮಣಿಕಟ್ಟಿನಿಂದ ಜೋತಾಡುತ್ತಾ ಎಲ್ಲವನ್ನೂ ಹಿಡಿದಿದೆ. ದೋಣಿಯಲ್ಲಿ ಬಿಟ್ಟುಹೋದ ಆ ಕ್ಯಾಮೆರಾ ನನ್ನ ಬಳಿ ಇದೆ. ಕಳೆಯಿತೆಂದು ವಿಮೆಯವರಿಗೆ ಬರೆದಿದ್ದೀಯಂತೆ. ಕಳೆದಿಲ್ಲ.

ಅದರಲ್ಲಿ ಹೀಗಿದೆ. ಐವತ್ತೆರಡು ಮೀಟರ್. ಬಂಡೆಯ ಅಂಚಿನ ಕೆಳಗೆ ಒಂದು ದೊಡ್ಡ ಕಪ್ಪು ಆಕಾರ. ಕೋಟಿಗಟ್ಟಲೆ ವರ್ಷದ ಹಳೆಯ ಮೀನು ನಿನಗೊಬ್ಬನಿಗೇ ದರ್ಶನ ಕೊಡಲು ತನ್ನ ನೂರು ಮೀಟರ್ ಆಳ ಬಿಟ್ಟು ಮೇಲೆ ಬಂದಿದೆ ಎಂದುಕೊಂಡೆ ನೀನು. ಬಾಬಾ ಬೇಡವೆಂದು ಕೈ ಅಡ್ಡ ಮಾಡುತ್ತಾರೆ. ನೀನು ಹರಿವಿಗೆ ಎದುರಾಗಿ ಕಾಲು ಬಡಿಯುತ್ತೀಯ. ಎರಡು ನಿಮಿಷ, ಮೂರು ನಿಮಿಷ. ಆಕಾರ ತಿರುಗುತ್ತದೆ. ಆ ಬಂಡೆಸಂದಿಯಲ್ಲಿ ಸದಾ ಬಿದ್ದಿರುವ ಡುಮ್ಮ ಮೀನು, ವಾರಕ್ಕೊಮ್ಮೆ ಬರುವ ಪ್ರವಾಸಿಗಳೂ ಗುರುತು ಹಿಡಿಯುವಂಥದ್ದು. ಅದು ನಿನ್ನನ್ನು ನೋಡಿ ಬಾಯಿ ತೆರೆದು ಮುಚ್ಚುತ್ತದೆ. ಆ ಒಂದು ಚಿತ್ರಕ್ಕೆ ಬೇಕಾದರೆ ನಾನು ಸಹಿ ಮಾಡುತ್ತೇನೆ.

ಆಮೇಲೆ ನಿನ್ನ ಉಸಿರಿನ ಸದ್ದು. ಮೊದಲು ಜೋರು, ಆಮೇಲೆ ನಾಯಿ ತೇಕಿದ ಹಾಗೆ. ಬಾಬಾ ನಿನ್ನ ಮುಖದೆದುರು ಬಂದು ಸನ್ನೆ ಮಾಡುತ್ತಾರೆ, ಬದಲಾಯಿಸು, ಬದಲಾಯಿಸು. ನಿನ್ನ ಕೈ ಮೇಲೇಳುತ್ತದೆ, ಮೌತ್‌ಪೀಸ್ ಮುಟ್ಟುತ್ತದೆ, ಅದನ್ನು ಇನ್ನೂ ಒತ್ತಿ ಹಿಡಿಯುತ್ತದೆ. ಬಾಬಾ ಹೇಳಿದ್ದ ಹಾಗೇ, ಒಂದಿಷ್ಟೂ ಹೆಚ್ಚು ಕಡಿಮೆ ಇಲ್ಲ. ಅವರು ಕೈ ಹಾಕಿದರೆ ನೀನು ಗುದ್ದುತ್ತೀಯ. ಅವರ ಮಾಸ್ಕ್ ಕಳಚಿ ಹೋಗುತ್ತದೆ. ನೀನು ತೇಲಿಸುವ ಅಂಗಿಗೆ ಗಾಳಿ ತುಂಬಿಕೊಂಡು ಮೇಲಕ್ಕೆ ಚಿಮ್ಮುತ್ತೀಯ.

ಬಿಟ್ಟುಬಿಡಬಹುದಿತ್ತು, ಲ್ವಾಜಿ. ಅರವತ್ತೊಂದು ವರ್ಷದ ಮನುಷ್ಯ, ಕಣ್ಣಿಗೆ ಮಾಸ್ಕಿಲ್ಲ. ಬಿಟ್ಟಿದ್ದರೆ ನೀನು ಹಂತ ಹಂತಕ್ಕೆ ನಿಲ್ಲದೆ ಸೀದಾ ಮೇಲೆ ಹೋಗಿ, ರಕ್ತದಲ್ಲಿ ಗುಳ್ಳೆಯೆದ್ದು ಅಲ್ಲೇ ಮುಗಿಯುತ್ತಿದ್ದೆ. ಅವರು ನಿನ್ನ ಪಟ್ಟಿ ಹಿಡಿದು ಜೋತು ಬಿದ್ದು, ನಿನ್ನ ಅಂಗಿಯ ಗಾಳಿ ಬಿಟ್ಟರು. ಕುರುಡಾಗಿಯೇ ತಡಕಿ, ನಿನ್ನ ಬಾಯಿಂದ ಅದನ್ನು ಕಿತ್ತು, ಇನ್ನೊಂದನ್ನು ತುರುಕಿ, ನೀನು ಉಗುಳದ ಹಾಗೆ ಅಂಗೈಯಿಂದ ಒತ್ತಿ ಹಿಡಿದರು. ನನ್ನನ್ನು ದಾಟಿ ಹೋದಾಗ ಹಾಗೇ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ನೀನು ಒದ್ದ ಏಟಿಗೆ ಅವರ ಬಾಯಿಂದ ಅವರದೇ ಮೌತ್‌ಪೀಸ್ ಜಾರಿತ್ತು. ಯಂತ್ರದೊಳಗೆ ನೀರು ನುಗ್ಗಿ ಸುಣ್ಣ ಕರಗಿತ್ತು. ಮತ್ತೆ ಕಚ್ಚಿದಾಗ ಬಾಯಿಗೆ ಬಂದದ್ದು ಗಾಳಿಯಲ್ಲ, ಸುಡುವ ಸುಣ್ಣದ ನೀರು.

ಹನ್ನೆರಡು ಮೀಟರಿನಲ್ಲಿ ನಾನು ನಿಮ್ಮನ್ನು ಹಿಡಿದೆ. ಬಾಬಾ ನಿನ್ನನ್ನು ನನ್ನ ಕೈಗೆ ತಳ್ಳಿ, ಇವನನ್ನು ನಿಲ್ಲಿಸು ಎಂದು ಸನ್ನೆ ಮಾಡಿದರು. ನಾನು ಅವರಿಗೂ ಸಿಲಿಂಡರ್ ಚಾಚಿದೆ. ಗಂಟಲು ಸುಟ್ಟು ಕೆಮ್ಮುತ್ತಿದ್ದವರಿಗೆ ಕಚ್ಚಿ ಹಿಡಿಯಲು ಆಗಲಿಲ್ಲ. ಮೇಲೆ ಹೋಗಿಬಿಟ್ಟರು. ನಿನ್ನನ್ನು ಐವತ್ತು ನಿಮಿಷ ಹಗ್ಗಕ್ಕೆ ಒತ್ತಿ ಹಿಡಿದು, ನಿಲ್ಲಬೇಕಾದಲ್ಲೆಲ್ಲ ನಿಲ್ಲಿಸಿ ಮೇಲೆ ತಂದದ್ದು ನಾನು. ಅದಕ್ಕೇ ನಿನ್ನ ಕಾಲು ನಡೆಯುತ್ತಿದೆ. ನಿಲ್ಲದೆ ಹೋದದ್ದಕ್ಕೆ ಬಾಬಾನ ಎಡಗಾಲು ನಡೆಯುತ್ತಿಲ್ಲ.

ಒಂದು ಮಾತು ಮುಚ್ಚಿಡುವುದಿಲ್ಲ. ದೋಣಿಗೆ ಹತ್ತಿದ ಮೇಲೆ, ತಲೆ ಸಿಡಿಯುತ್ತಿದ್ದರೂ, ಬಾಬಾನ ಮುಖಕ್ಕೆ ಆಕ್ಸಿಜನ್ ಹಿಡಿದು ದಡದವರೆಗೂ ನಾಡಿ ನೋಡುತ್ತಾ ಕೂತವನು ನೀನು. ಆಗ ನಿನ್ನನ್ನು ನೋಡಿ, ಇವನು ನಾನು ಮದುವೆಯಾದ ಹುಡುಗ ಎಂದು ಒಂದು ಕ್ಷಣ ಅನಿಸಿತು. ಅದು ದಡದವರೆಗೆ ಮಾತ್ರ. ಮರಳಿಗೆ ಕಾಲಿಟ್ಟ ಕೂಡಲೇ ನೀನು ಫೋನು ತೆಗೆದು ವಕೀಲನಿಗೆ ಹಚ್ಚಿದೆ. ಬಾಬಾನನ್ನು ಆಂಬುಲೆನ್ಸಿನಲ್ಲಿ ಡರ್ಬನ್ನಿಗೆ ಕರೆದುಕೊಂಡು ಹೋದವಳು ನಾನು. ನೀನೂ ಡರ್ಬನ್ನಿಗೇ ಬಂದೆ. ಬೇರೆ ಕಾರಿನಲ್ಲಿ.

ಬಾಬಾನನ್ನು ರಕ್ತದ ಗುಳ್ಳೆ ಕರಗಿಸುವ ಒತ್ತಡದ ಕೋಣೆಯಲ್ಲಿ ಐದು ದಿನ ಇಟ್ಟರು. ನಿನ್ನ ಮನೆಯಿಂದ ಆ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ದಿನವೂ ಬಾಬಾ ಒಡೆದ ಗಂಟಲಿನಲ್ಲಿ ಕೇಳುವರು, "ಡಾಕ್ಟ್ರಿಗೆ ತಲೆನೋವು ನಿಂತಿತಾ?" ನಾನು ನಿಂತಿದೆ ಎನ್ನುತ್ತಿದ್ದೆ. ನೀನು ಬಂದು ಕೇಳಿಕೊಂಡು ಹೋದೆ ಎಂದೂ ಒಂದು ಸಲ ಹೇಳಿದೆ. ಅವರಿಗೆ ಸಂತೋಷವಾಯಿತು. ನಿನ್ನ ಮರ್ಯಾದೆಗಾಗಿ ನಾನು ಹೇಳಿದ ಕೊನೆಯ ಸುಳ್ಳು ಅದು.

ಊರಿಗೆ ಬಂದ ದಿನ, ಇಲ್ಲೇ ಬಿದ್ದಿದ್ದ ನಿನ್ನ ಯಂತ್ರ ಬಿಚ್ಚಿದೆ. ಡಬ್ಬಿಯ ಸುಣ್ಣ ಅಪ್ಪಟ ಬೆಳ್ಳಗಿತ್ತು. ಬೆರಳಲ್ಲಿ ಒತ್ತಿದರೆ ಹರಳು ಪುಡಿಯಾಗಬೇಕು, ಆಗಲಿಲ್ಲ. ಹಲ್ಲಿಗೆ ಕಲ್ಲು ಸಿಕ್ಕ ಹಾಗೆ ಗಟ್ಟಿ. ಬುಡದಿಂದ ಮೇಲಿನವರೆಗೂ ಸತ್ತಿತ್ತು. ಒಂದು ಬೆಳಗಿನ ಇಪ್ಪತ್ತು ನಿಮಿಷಕ್ಕೆ ಸಾಯುವ ಸುಣ್ಣವಲ್ಲ ಅದು. ಶುಕ್ರವಾರದ್ದು. ಹೊಸದು ಎಂದಿದ್ದೆಯಲ್ಲ ಡಾಕ್ಟ್ರೇ? ಎಂಟನೆಯ ತರಗತಿಯ ಮನುಷ್ಯನಿಗೆ ಸುಳ್ಳು ಹೇಳಲು ಎಷ್ಟನೆಯ ತರಗತಿವರೆಗೆ ಓದಬೇಕು? ಡಬ್ಬಿಯನ್ನು ಹಾಗೇ ಮೊಹರು ಮಾಡಿ ಇಟ್ಟಿದ್ದೇನೆ. ಕ್ಯಾಮೆರಾದ ಜೊತೆ ಅದೂ ವಿಚಾರಣೆಗೆ ಬರುತ್ತದೆ.

ಈಗ ಬಾಬಾ ಕೋಲೂರಿ ನಡೆಯುತ್ತಾರೆ. ಸಮುದ್ರಕ್ಕೆ ಇಳಿಯುವುದಿಲ್ಲ, ಇಳಿಯಲು ಇನ್ನು ಯಾರೂ ಬಿಡುವುದೂ ಇಲ್ಲ. ಆದರೆ ಹೋದ ವಾರ ನಾಲ್ಕು ಜನ ಬಂದಿದ್ದರು. ಮಪುಟೊ ಕಡೆಯ ಇಬ್ಬರು ಹೆಂಗಸರು, ಒಬ್ಬ ಶಾಲೆ ಮೇಷ್ಟ್ರು, ನಿನ್ನ ಆಸ್ಪತ್ರೆಯವನೇ ಒಬ್ಬ ಮೂಳೆ ಡಾಕ್ಟರು. ನಾಲ್ವರಿಗೂ ಕಾರ್ಡಿದೆ. ಮೂಳೆ ಡಾಕ್ಟರು ಬಾಬಾನ ಮುಂದೆ ಕುಕ್ಕರುಗಾಲಲ್ಲಿ ಕೂತು, "ನನಗೆ ಏನೂ ಗೊತ್ತಿಲ್ಲ ಬಾಬಾ, ಕಾರ್ಡು ಮಾತ್ರ ಇದೆ," ಎಂದರು. ಬಾಬಾ ದಡದ ನೀರಿನಲ್ಲಿ ಕುರ್ಚಿ ಹಾಕಿಸಿಕೊಂಡು, ಕೋಲಿನಿಂದ ಅವರ ಡಬ್ಬಿ ತಟ್ಟಿ ಸದ್ದು ಕೇಳುತ್ತಾ ಮೂರು ದಿನ ಕೂತರು. ಧ್ವನಿ ಏಳುವುದಿಲ್ಲವಾದ್ದರಿಂದ ಅವರ ಮಾತನ್ನು ನಾನು ಜೋರಾಗಿ ಹೇಳಬೇಕು. ನೀನು ಕಿತ್ತುಕೊಳ್ಳಲು ಹೊರಟಿರುವುದು ಈ ಕುರ್ಚಿಯನ್ನು. ಪರವಾನಗಿ ಹೋದರೆ ದಡದಲ್ಲಿ ಕೂತು ಕಲಿಸುವುದಕ್ಕೂ ಬಿಡುವುದಿಲ್ಲ.

ನಿನ್ನ ಮೇಲೆ ನನಗೆ ಕೋಪವಿದೆ ಎಂದುಕೊಳ್ಳಬೇಡ. ಕೋಪ ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಿರಬೇಕು. ನಿನ್ನ ಮೂರು ಪುಟದಲ್ಲಿ ಹುಡುಕಿದೆ, ಅಂಚು ಬಿಟ್ಟ ಕಾಗದವಿತ್ತು, ಮನುಷ್ಯನಿರಲಿಲ್ಲ. ಪ್ರಾಣ ಉಳಿಸಿದವರಿಗೆ ಕೃತಜ್ಞತೆ ಹೇಳಲು ನಾಚಿಕೆಯಾದರೆ ಸುಮ್ಮನಿರಬಹುದಿತ್ತು. ಸುಮ್ಮನಿರಲೂ ಬಾರದವನು ನೀನು.

ನಿನ್ನ ಹೇಳಿಕೆಯನ್ನು ನೀನೇ ಹಿಂದಕ್ಕೆ ತೆಗೆದುಕೊಳ್ಳಲು ಬರುವ ಭಾನುವಾರದವರೆಗೆ ಸಮಯವಿದೆ. ತೆಗೆದುಕೊಳ್ಳದಿದ್ದರೂ ನನಗೇನಿಲ್ಲ. ಸೋಮವಾರ ಹತ್ತು ಗಂಟೆಗೆ ವಿಚಾರಣೆ. ಮುಂದಿನ ಸಾಲಿನಲ್ಲಿ ಬಾಬಾ ಕೂತಿರುತ್ತಾರೆ. ಬಂದರೆ ಅವರ ಮುಖ ನೋಡು.

ಇನ್ನು ಬರೆಯಲು ನಿನ್ನ ವಿಷಯದಲ್ಲಿ ಏನೂ ಉಳಿದಿಲ್ಲ.

ಫಿಕಿಲೆ ಜಿಖಾಲಿ
(ಖುಜ್ವಾಯೊ ಎಂದು ಬರೆಯುವುದನ್ನು ನಿನ್ನ ಕಾಗದ ಬಂದ ದಿನ ನಿಲ್ಲಿಸಿದೆ.)

ಮರೆತ ಮಾತು: ಮರೆತಿರಲಿಲ್ಲ, ಬರೆಯಲಾಗಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಐದೂವರೆಗೆ ನಾನು ಸಿಲಿಂಡರ್ ತುಂಬುವ ಕೋಣೆಯ ಕಿಟಕಿಯಲ್ಲಿದ್ದೆ. ನೀನು ಡಬ್ಬಿ ಬಿಚ್ಚಿ, ಸುಣ್ಣ ಬೆಳ್ಳಗಿದೆಯೆಂದು ನೋಡಿ, ಹಾಗೇ ಮುಚ್ಚಿದ್ದನ್ನು ಕಂಡೆ. ಹೊಸ ಸುಣ್ಣದ ಚೀಲ ಪಕ್ಕದಲ್ಲೇ ಕಟ್ಟಿದ ಹಾಗೇ ಇತ್ತು. ದಡದಲ್ಲಿ ನೀನು ಹೊಸದು ಎಂದಾಗ ಬಾಬಾ ಸುಮ್ಮನೆ ನಂಬಲಿಲ್ಲ. ನನ್ನ ಕಡೆ ತಿರುಗಿ, "ಫಿಕಿಲೆ?" ಎಂದರು. ನೀನು ಆಗ ಕ್ಯಾಮೆರಾ ನೋಡುತ್ತಿದ್ದೆ, ನಿನಗೆ ಕೇಳಿಸಿರಲಾರದು. "ಸರಿಯಾಗಿದೆ ಬಾಬಾ," ಎಂದೆ ನಾನು. ಐದಾರು ಮೀಟರಿನಲ್ಲೇ ನಿನಗೆ ತಲೆ ಸುತ್ತುತ್ತದೆ, ಮೇಲೆ ಬಂದು ಎಲ್ಲರೆದುರು ತಲೆ ತಗ್ಗಿಸುತ್ತೀಯ, ಅದನ್ನು ಕಣ್ಣಾರೆ ನೋಡಬೇಕು ಎಂದು ಆಸೆಯಿತ್ತು. ನಿನ್ನ ಆ ನಗು ಒಂದು ಸಲ ಆರುವುದನ್ನು ನೋಡಬೇಕಿತ್ತು. ಅಷ್ಟಕ್ಕೆ ಬಾಬಾನ ಕಾಲು ಕೊಟ್ಟೆ. ಹೇಳಿಕೆಯಲ್ಲಿ ಇದನ್ನೂ ಬರೆದಿದ್ದೇನೆ, ನನ್ನ ಕೆಲಸ ಹೋಗಬಹುದು.

ನಿನ್ನೆ ಬಾಬಾಗೆ ಹೇಳಿದೆ. ಕೋಲನ್ನು ಮರಳಿಗೆ ಊರಿ ನನ್ನ ಕಡೆ ತಿರುಗಿದರು. ಆಮೇಲೆ, "ಇದನ್ನ ಅವನಿಗೂ ಬರಿ. ಕಾಗದದ ಮೊದಲಿಗೇ ಬರಿ," ಎಂದರು.

ಮೊದಲಿಗೆ ಬರೆಯಲು ನಾಲ್ಕು ಹಾಳೆ ಹರಿದೆ. ಕೈ ಬರಲಿಲ್ಲ.